ಹಿಮದ ಇಳಿಜಾರಿಗೆ ಯಾವ ಹಾಡು, ಯಾವ ಕಿವಿಗೆ?

ಘಟ್ಟದ ಮೇಲಿನವರೂ ಕರಾವಳಿಯವರೂ ಈಗ ಹಿಮಾಲಯದ ಗುಲ್ಮಾರ್ಗ್, ಔಲಿ, ಸೋಲಂಗ್ ಎಂದು ಸ್ನೋಬೋರ್ಡ್ ಕಲಿಯಲು ಹೊರಡುತ್ತಿದ್ದಾರೆ. ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿ, ಅಡ್ಡಡ್ಡ ನಿಂತು ಹಿಮದ ಮೇಲೆ ಜಾರುವುದು ಅದು. ಶಿರಸಿಯ ಚಳಿಗೆ ಒಂದು ಸ್ವೆಟರ್ ಸಾಕು, ಕಾರವಾರದಲ್ಲಿ ಅದೂ ಬೇಡ. ಹಾಗಾಗಿ ಜಾಕೆಟ್, ಗ್ಲೌಸ್ ಬಗ್ಗೆ ಎಲ್ಲರೂ ಹತ್ತು ಕಡೆ ವಿಚಾರಿಸುತ್ತಾರೆ. ಹಾಡಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಫೋನಿನಲ್ಲಿದ್ದ ಜೋರು ಹಾಡುಗಳನ್ನೆಲ್ಲ ಒಂದೇ ಪಟ್ಟಿಗೆ ತುಂಬಿ, ಎರಡೂ ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡು ಇಳಿದುಬಿಡುತ್ತಾರೆ. ಹಿಂದಿನಿಂದ ಕೂಗಿದರೆ ಕೇಳಿಸುವುದಿಲ್ಲ, ಹಾಡು ಓಡಿದಂತೆ ಬೋರ್ಡೂ ಓಡುತ್ತದೆ, ಅರ್ಧ ದಾರಿಯಲ್ಲಿ ಫೋನ್ ಆಫ್ ಆಗಿರುತ್ತದೆ. ಇದನ್ನು ನೋಡಿ ನೋಡಿ ಸಾಕಾಗಿ ಬರೆಯುತ್ತಿದ್ದೇನೆ.

ಹಾಡು ಬೇಡ ಎನ್ನುತ್ತಿಲ್ಲ. ಖಂಡಿತ ಬೇಕು. ಸರಿಯಾದ ಹಾಡಿದ್ದರೆ ಮೈ ಬಿಗಿ ಬಿಡುತ್ತದೆ, ತಿರುವುಗಳು ತಾವಾಗಿಯೇ ಲಯಕ್ಕೆ ಬೀಳುತ್ತವೆ.

ಮೊದಲನೆಯದು: ಕಲಿಯುವಾಗ ಹಾಡು ಬೇಡ

ಬೋರ್ಡಿನ ಹಿಮ್ಮಡಿ ಕಡೆಯ ಅಂಚಿನಿಂದ ಕಾಲ್ಬೆರಳಿನ ಕಡೆಯ ಅಂಚಿಗೆ, ಮತ್ತೆ ಹಿಮ್ಮಡಿಗೆ ಬೀಳದೆ ತಿರುಗಲು ಬರುವವರೆಗೆ ಕಿವಿಗೆ ಏನನ್ನೂ ಹಾಕಬೇಡಿ. ಕಲಿಸುವವರು ಹೇಳಿದ್ದು ಕೇಳಿಸಬೇಕು. ಅಷ್ಟೇ.

ಎರಡನೆಯದು: ಊರಿನಲ್ಲೇ ಡೌನ್‌ಲೋಡ್ ಮಾಡಿ

ಗುಲ್ಮಾರ್ಗ್‌ಗೆ ಹೋಗುವವರು ಇದನ್ನು ಮರೆಯಲೇಬಾರದು. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ ನಡೆಯುತ್ತದೆ. ಹೋಟೆಲಿನ ವೈಫೈ ನಂಬಿ ಹೋಗಬೇಡಿ. ಹಾಡುಗಳು ಫೋನಿನಲ್ಲೇ ಇರಲಿ.

ಮೂರನೆಯದು: ತಾಳ ನೋಡಿ ಹಾಡು ಆರಿಸಿ

ಇಲ್ಲೇ ಜಾಸ್ತಿ ಜನ ತಪ್ಪುವುದು. ಹಿಮ ಎಂದರೆ ವೇಗ, ವೇಗ ಎಂದರೆ ಅಬ್ಬರದ ಹಾಡು ಎಂದುಕೊಳ್ಳುತ್ತಾರೆ. ಆದರೆ ಹೊಸಬರಿಗೆ ಬೇಕಾದದ್ದು ವೇಗ ಅಲ್ಲ, ಸಮ. ಸ್ನೋಬೋರ್ಡಿನಲ್ಲಿ ಎರಡೇ ಬಗೆಯ ತಿರುವು. ಒಂದು ಹಿಮ್ಮಡಿ ಕಡೆ, ಒಂದು ಬೆರಳಿನ ಕಡೆ. ಎರಡೂ ಒಂದೇ ಉದ್ದ ಇದ್ದರೆ ನೇರ ಕೆಳಗೆ ಬರುತ್ತೀರಿ. ಒಂದು ಗಿಡ್ಡ, ಒಂದು ಉದ್ದ ಆದರೆ ನಿಧಾನಕ್ಕೆ ಒಂದೇ ಪಕ್ಕಕ್ಕೆ ಸರಿದು ಪಿಸ್ಟಿನ, ಅಂದರೆ ಜಾರಲು ಹದಮಾಡಿದ ಹಿಮದ ದಾರಿಯ, ಅಂಚಿಗೆ ಹೋಗಿ ನಿಲ್ಲುತ್ತೀರಿ.

ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಏಕತಾಳ ನಾಲ್ಕು ಮಾತ್ರೆ, ಅಂದರೆ ನಾಲ್ಕು ಎಣಿಕೆ, ಸರಿಯಾಗಿ ಕೂರುತ್ತದೆ. ರೂಪಕ ಆರು ಮಾತ್ರೆ, ಮೂರು ಮೂರಾಗಿ ಒಡೆದರೆ ಅದೂ ಆದೀತು. ತ್ರಿವುಡೆ ಬೇಡ. ಅದು ಏಳು ಮಾತ್ರೆ, ಮೂರು ಮತ್ತು ನಾಲ್ಕಾಗಿ ಒಡೆಯುತ್ತದೆ. ಅದಕ್ಕೆ ತಿರುವು ಕೂಡಿಸಲು ಹೋದರೆ ಒಂದು ಕಡೆಯ ತಿರುವು ಪ್ರತಿ ಸಲ ಮೊಟಕಾಗುತ್ತದೆ. ಹಿಂದೂಸ್ತಾನಿ ಕೇಳುವವರಾದರೆ ಕೆಹರವಾ ಹಾಕಿಕೊಳ್ಳಿ, ಎಂಟು ಮಾತ್ರೆ, ನಾಲ್ಕಕ್ಕೆ ಒಂದು ತಿರುವು. ನಮ್ಮ ಮನೆಗಳ ಭಜನೆಗಳಲ್ಲಿ ಕೆಹರವಾ ಬೇಕಾದಷ್ಟಿದೆ, ನನ್ನ ಪಟ್ಟಿಯ ಅರ್ಧ ಅದೇ.

ಲಯ ನಿಮಿಷಕ್ಕೆ 80ರಿಂದ 100 ಮಾತ್ರೆ ಇರಲಿ. 90 ಎಂದಿಟ್ಟುಕೊಂಡರೆ ನಾಲ್ಕು ಮಾತ್ರೆಗೆ ಎರಡೂವರೆ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. ಹೊಸಬರು ಅಂಚು ಬದಲಿಸಿ, ಮೊಣಕಾಲು ಬಗ್ಗಿಸಿ, ಮತ್ತೆ ಎದ್ದು ಬರಲು ಅಷ್ಟು ಹೊತ್ತು ಬೇಕೇ ಬೇಕು. ಕೈ ಗಡಿಯಾರ ನೋಡಿ 15 ಸೆಕೆಂಡಿನಲ್ಲಿ ಎಷ್ಟು ತಟ್ಟು ಬಂತು ಎಂದು ಎಣಿಸಿ ನಾಲ್ಕರಿಂದ ಗುಣಿಸಿ. ಇದಕ್ಕೆ ಆ್ಯಪ್ ಬೇಡ.

ಯುದ್ಧದ ಪದ ನನಗೂ ಪ್ರಾಣ. ಆದರೂ ಇಳಿಯುವಾಗ ಬೇಡ. ಅದು ಒಂದೇ ವೇಗದಲ್ಲಿ ನಿಲ್ಲುವುದಿಲ್ಲ, ಭಾಗವತರು ಏರಿಸುತ್ತಾ ಹೋಗುತ್ತಾರೆ, ಚಂಡೆ ಏರುತ್ತದೆ, ನಿಮಗೆ ಗೊತ್ತಾಗದಂತೆ ಬೋರ್ಡೂ ಏರುತ್ತದೆ. ಹಿಂದೂಸ್ತಾನಿ ಖಯಾಲಿನ ದ್ರುತ, ಅಂದರೆ ವೇಗದ ಭಾಗವೂ ಹಾಗೇ. ಇವನ್ನು ಗೊಂಡೋಲಾದಲ್ಲಿ, ಅಂದರೆ ಕೇಬಲ್ ಕಾರಿನಲ್ಲಿ ಕೂತು ಮೇಲೆ ಹೋಗುವಾಗ ಕೇಳಿ, ಮೈ ಬಿಸಿಯಾಗಲಿಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಇಳಿಯುವಾಗ ಕಿವಿಗೆ ಬಡಿಯುವ ಗಾಳಿಯ ಸದ್ದು ತಗ್ಗಿನ ಗುಂಯ್‌ಗುಡುವ ಸದ್ದು. ಹಾಡಿನ ತಗ್ಗಿನ ಸ್ವರಗಳನ್ನು ಅದು ನುಂಗಿಬಿಡುತ್ತದೆ. ಬರೀ ಬೇಸ್ ಮೇಲೆ ನಿಂತ ಹಾಡು ಹಾಕಿದವರು ಏನೂ ಕೇಳಿಸದೆ ವಾಲ್ಯೂಮ್ ಏರಿಸುತ್ತಲೇ ಹೋಗುತ್ತಾರೆ. ಚಂಡೆ, ಜಾಗಟೆ, ಭಜನೆಯ ತಾಳ, ಢೋಲಕಿಯ ಚುರುಕು ಏಟು ಇರುವ ಹಾಡು ಹಾಕಿ. ಸಣ್ಣ ವಾಲ್ಯೂಮಿನಲ್ಲೂ ಲಯ ಸ್ಪಷ್ಟ ಕೇಳಿಸುತ್ತದೆ. 'ಎಕ್ಸ್‌ಟ್ರಾ ಬೇಸ್' ಎಂದು ಡಬ್ಬಿ ಮೇಲೆ ಬರೆದ ಇಯರ್‌ಫೋನಿಗೆ ಈ ಕೆಲಸಕ್ಕಾಗಿ ದುಡ್ಡು ಹಾಕಬೇಡಿ.

ಕೊನೆಗೆ ಎರಡು ಪಟ್ಟಿ ಸಾಕು, ಇಳಿಯಲು ಒಂದು, ಹತ್ತಲು ಒಂದು. ಹತ್ತುವ ಪಟ್ಟಿಯಲ್ಲಿ ನಾನು ಅಂಕೋಲೆಯ ಜಾನಪದ ಗಾಯಕಿ ಸುಕ್ರಿ ಬೊಮ್ಮಗೌಡರ ಹಾಲಕ್ಕಿ ಹಾಡುಗಳನ್ನು ಇಟ್ಟುಕೊಳ್ಳುತ್ತೇನೆ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2025ರಲ್ಲಿ ತೀರಿಹೋದರು. ಅವಸರವಿಲ್ಲದ ಆ ದನಿ ಎತ್ತರಕ್ಕೆ ಏದುಸಿರು ಬಂದಾಗ ಉಸಿರನ್ನು ಹದಕ್ಕೆ ತರುತ್ತದೆ. ಬೇಕಾದರೆ ನೀವೂ ಕೇಳಿ ನೋಡಿ.

ನಾಲ್ಕನೆಯದು: ಒಂದೇ ಕಿವಿ, ಅದೂ ಸರಿಯಾದ ಕಿವಿ

ಎರಡೂ ಕಿವಿ ಮುಚ್ಚಬೇಡಿ. ಹಿಮದ ಇಳಿಜಾರಿನಲ್ಲಿ ಕೆಳಗಿರುವವರನ್ನು ತಪ್ಪಿಸಿಕೊಂಡು ಹೋಗುವುದು ಮೇಲಿನಿಂದ ಬರುವವರ ಹೊಣೆ, ಅದು ಜಗತ್ತಿನ ಎಲ್ಲ ಕಡೆ ಇರುವ ನಿಯಮ. ಹಾಗೆಂದು ಎಲ್ಲರೂ ಪಾಲಿಸುತ್ತಾರಾ? ಇಲ್ಲ. ಕೂಗು ಕೇಳಿಸಬೇಕು.

ಯಾವ ಕಿವಿ ಖಾಲಿ ಬಿಡಬೇಕು ಎನ್ನುವುದು ನಿಮ್ಮ ಮುಂದಿನ ಕಾಲಿನ ಮೇಲೆ ನಿಂತಿದೆ. ಎಡಗಾಲು ಮುಂದೆ ಇಟ್ಟು ನಿಂತರೆ ನಿಮ್ಮ ಎದೆ ಇಳಿಜಾರಿನ ಬಲಕ್ಕೆ ತಿರುಗಿರುತ್ತದೆ, ಬೆನ್ನು ಎಡಕ್ಕೆ. ಕಣ್ಣಿಗೆ ಬೀಳದ ಪಕ್ಕ ಅದೇ. ಅದಕ್ಕೇ ಎಡಗಿವಿ ಖಾಲಿ ಬಿಡಿ, ಹಾಡು ಬಲಗಿವಿಗೆ. ಬಲಗಾಲು ಮುಂದೆ ಇಡುವವರು ತಿರುಗಾಮುರುಗಾ ಮಾಡಿ. ಮುಂದಿನ ಕಾಲು ಯಾವುದೋ ಆ ಕಡೆಯ ಕಿವಿ ಖಾಲಿ ಎಂದು ನೆನಪಿಡಿ. ಫೋನಿನ ಸೆಟ್ಟಿಂಗ್‌ನಲ್ಲಿ ಎರಡೂ ಕಿವಿಯ ಸದ್ದನ್ನು ಒಂದರಲ್ಲೇ ಕೇಳಿಸುವ ಮೋನೋ ಆಡಿಯೋ ಆನ್ ಮಾಡಿ, ಇಲ್ಲದಿದ್ದರೆ ಅರ್ಧ ವಾದ್ಯ ಕೇಳಿಸುವುದಿಲ್ಲ.

ಹೊರಗಿನ ಸದ್ದು ಅಳಿಸುವ ನಾಯ್ಸ್ ಕ್ಯಾನ್ಸಲೇಶನ್ ಇದ್ದರೆ ಆಫ್ ಮಾಡಿ. ಬೋರ್ಡಿನ ಅಂಚು ಹಿಮದ ಮೇಲೆ ಉಜ್ಜುವ ಸದ್ದು ಸದಾ ಕೇಳುತ್ತಿರಬೇಕು. ಮೆತ್ತಗೆ ಸುಯ್ಯ ಎಂದರೆ ಒಳ್ಳೆಯ ಹಿಮ. ಕರಕರ ಎಂದರೆ ಗಟ್ಟಿ ಮಂಜುಗಡ್ಡೆ, ಅಲ್ಲಿ ಜೋರಾಗಿ ಅಂಚು ಒತ್ತಿದರೆ ಜಾರುತ್ತೀರಿ. ಆ ಸದ್ದು ಕೇಳಿಸದಷ್ಟು ಹಾಡು ಇದ್ದರೆ ವಾಲ್ಯೂಮ್ ಜಾಸ್ತಿಯಾಗಿದೆ ಎಂದೇ ಅರ್ಥ.

ಇಯರ್‌ಬಡ್ಡಿಗಿಂತ ಹೆಲ್ಮೆಟ್ಟಿನ ಕಿವಿ ಪ್ಯಾಡ್ ಒಳಗೆ ಕೂರುವ ಚಪ್ಪಟೆ ಸ್ಪೀಕರ್ ಎಷ್ಟೋ ಒಳ್ಳೆಯದು. ಬಿದ್ದಾಗ ಉದುರುವುದಿಲ್ಲ, ಕಿವಿಯ ತೂತನ್ನು ಮುಚ್ಚುವುದಿಲ್ಲ. ಹುಡಿ ಹಿಮದಲ್ಲಿ ಬಿದ್ದ ಬಿಳಿ ಇಯರ್‌ಬಡ್ ಮತ್ತೆ ಸಿಕ್ಕೀತೆಂದು ಆಸೆ ಇಟ್ಟುಕೊಳ್ಳಬೇಡಿ. ಉದ್ದ ವೈರಿನ ಇಯರ್‌ಫೋನ್ ಲಿಫ್ಟಿಗೆ ಸಿಕ್ಕಿಕೊಳ್ಳುವ ಭಯ ಇರುತ್ತದೆ, ಅದಂತೂ ಬೇಡವೇ ಬೇಡ. ಹೆಲ್ಮೆಟ್ಟಿನ ಕೆಳಗೆ ದಪ್ಪ ಮಂಕಿ ಕ್ಯಾಪ್ ಹಾಕಿ ಅದರೊಳಗೆ ಇಯರ್‌ಬಡ್ ತುರುಕುವ ಉಪಾಯವನ್ನೂ ನೋಡಿದ್ದೇನೆ. ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ, ಕಿವಿ ನೋಯುತ್ತದೆ. ತಲೆ, ಕತ್ತು ಮುಚ್ಚುವ ತೆಳ್ಳಗಿನ ಬಾಲಾಕ್ಲಾವಾ ಟೋಪಿ ಕೊಳ್ಳಿ.

ಐದನೆಯದು: ಫೋನನ್ನು ಮೈಗೆ ಹತ್ತಿರ ಇಡಿ

ಹೆಚ್ಚಿನ ಫೋನುಗಳನ್ನು ಮಾಡಿರುವುದೇ 0ರಿಂದ 35 ಡಿಗ್ರಿ ಒಳಗೆ ಬಳಸಲಿಕ್ಕೆ. ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಅದಕ್ಕೇ 40 ಪರ್ಸೆಂಟ್ ತೋರಿಸುತ್ತಿದ್ದ ಫೋನ್ ಸಟ್ಟನೆ ಆಫ್ ಆಗುತ್ತದೆ. ಕೆಟ್ಟಿಲ್ಲ, ಬೆಚ್ಚಗಾದರೆ ಮತ್ತೆ ಬರುತ್ತದೆ. ಜಾಕೆಟ್ಟಿನ ಹೊರಗಿನ ಜೇಬು ಬಿಟ್ಟು ಒಳಗಿನ ಫ್ಲೀಸ್ ಜೇಬಿನಲ್ಲಿಡಿ. ಕೈ ಬಿಸಿ ಮಾಡುವ ಪೊಟ್ಟಣವನ್ನು ಫೋನಿಗೆ ಅಂಟಿಸಬೇಡಿ, ಅತಿ ಬಿಸಿಯೂ ಬ್ಯಾಟರಿಗೆ ಕೆಟ್ಟದ್ದು. ಪ್ಲೇ, ಪಾಜ್ ಎರಡೂ ಗ್ಲೌಸ್ ಮೇಲಿಂದಲೇ ಒತ್ತಲು ಬರುವಂಥ ದೊಡ್ಡ ಗುಂಡಿ ಇರುವ ಸ್ಪೀಕರ್ ಆರಿಸಿ. ಹಾಡು ಬದಲಿಸಲು ಗ್ಲೌಸ್ ಕಳಚಿ ಇಳಿಜಾರಿನ ನಡುವೆ ಕೂರುವವರಿಂದ ಹಿಂದೆ ಬರುವವರಿಗೆ ತೊಂದರೆ.

ಆರನೆಯದು: ಎಲ್ಲಿ ಪೂರ್ತಿ ಬಂದ್ ಮಾಡಬೇಕು

ಲಿಫ್ಟ್ ಹತ್ತುವ ಇಳಿಯುವ ಜಾಗದಲ್ಲಿ, ಎರಡು ದಾರಿ ಕೂಡುವಲ್ಲಿ, ಮಕ್ಕಳು ಕಲಿಯುವ ಕಡೆ ಬಂದ್. ಗುಲ್ಮಾರ್ಗ್ ಗೊಂಡೋಲಾದ ಎರಡನೇ ಹಂತ ಅಫರ್ವತ್ ಬೆಟ್ಟದಲ್ಲಿ ಹೆಚ್ಚುಕಡಿಮೆ 4,000 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಆ ಕಡೆ ಹಿಮಕುಸಿತದ ಅಪಾಯ ಇದೆ, 2024ರ ಫೆಬ್ರವರಿಯಲ್ಲಿ ಒಬ್ಬ ವಿದೇಶಿ ಸ್ಕೀಯರ್ ಜೀವ ಹೋಯಿತು. ಅಲ್ಲಿ ಗೈಡ್ ಇಲ್ಲದೆ ಹೋಗಬಾರದು, ಹೋದರೆ ಗೈಡ್ ಮಾತು ಬಿಟ್ಟು ಬೇರೇನೂ ಕಿವಿಗೆ ಬೀಳಬಾರದು. ಹಿಮದಡಿ ಹೂತವರನ್ನು ಸಿಗ್ನಲ್ ಹಿಡಿದು ಹುಡುಕಲು ಎದೆಗೆ ಕಟ್ಟುವ ಹಿಮಕುಸಿತದ ಟ್ರಾನ್ಸೀವರ್‌ನಿಂದ ಫೋನ್, ಸ್ಪೀಕರ್ ಎಲ್ಲವೂ ಕನಿಷ್ಠ 20 ಸೆಂಟಿಮೀಟರ್ ದೂರ ಇರಬೇಕು, ಯಾರನ್ನಾದರೂ ಹುಡುಕುವಾಗ 50. ಇಲ್ಲದಿದ್ದರೆ ಅದರ ಸಿಗ್ನಲ್ ಕೆಡುತ್ತದೆ. ಫೋನ್ ಆಫ್ ಮಾಡಿ ಪ್ಯಾಂಟ್ ಜೇಬಿಗೆ ಹಾಕಿದರೆ ಇನ್ನೂ ಒಳ್ಳೆಯದು.

ಸಂಜೆ ಕೋಣೆಗೆ ಬಂದ ಕೂಡಲೇ ಫೋನನ್ನು ಚಾರ್ಜಿಗೆ ಹಾಕಬೇಡಿ, ತಣ್ಣಗಿನ ಬ್ಯಾಟರಿಗೆ ಚಾರ್ಜ್ ಹಾಕಿದರೆ ಅದರ ಆಯುಷ್ಯ ಕಡಿಮೆಯಾಗುತ್ತದೆ. ಒಳಗೆ ಬರುವ ಮೊದಲೇ ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಂದ ಮೇಲೆ ಅರ್ಧ ಗಂಟೆ ಹಾಗೇ ಬಿಟ್ಟರೆ ಒಳಗೆ ನೀರಿನ ಪಸೆ ಕೂರುವುದಿಲ್ಲ. ಆಮೇಲೆ ಚಾರ್ಜಿಗೆ ಹಾಕಿ, ಇವತ್ತು ಯಾವ ಹಾಡಿಗೆ ತಿರುವು ತಪ್ಪಿತೋ ಅದನ್ನು ಇಳಿಯುವ ಪಟ್ಟಿಯಿಂದ ತೆಗೆದು ಹತ್ತುವ ಪಟ್ಟಿಗೆ ಸೇರಿಸಿ.