ಬ್ಲುವಾದಿಂದ ಶಾಂಬೋರ್, ಶವೆರ್ನಿ: ಒಂದು ದಿನದ ಸೈಕಲ್ ಸುತ್ತು

ಫ್ರಾನ್ಸಿನ ಲ್ವಾರ್ ಕಣಿವೆಗೆ ಸೈಕಲ್ ತುಳಿಯಲು ಬರುವ ನಮ್ಮ ಕಡೆಯವರು ಮೊದಲು ಕೇಳುವುದು ಇದನ್ನೇ: ದಿನಕ್ಕೆ ಎಷ್ಟು ಅರಮನೆ ಮುಗಿಸಬಹುದು? ಎರಡು. ಅದರಲ್ಲೂ ಒಳಗೆ ಹೋಗುವುದು ಒಂದಕ್ಕೆ ಮಾತ್ರ. ನಮ್ಮ ಭಾವ ಬೆಂಗಳೂರಿನಿಂದ ಐದು ಅರಮನೆಗಳ ಪಟ್ಟಿ ಹಿಡಿದು ಬಂದಿದ್ದರು. ಮೊದಲನೆಯದರ ಮೆಟ್ಟಿಲು ಇಳಿಯುವ ಹೊತ್ತಿಗೇ ಪಟ್ಟಿ ಜೇಬು ಸೇರಿತು. ಅರಮನೆ ನೋಡೋಕೆ ಬಸ್ಸೂ ಇದೆ, ಕಾರೂ ಇದೆ. ಸೈಕಲ್ ಬೇಕಾಗುವುದು ನಡುವಿನ ದಾರಿಗೆ.

ನಾನು ಪ್ಯಾರಿಸ್‌ನಲ್ಲಿ ಕೆಲಸ ಮಾಡುವವಳು. ಊರಿಂದ ಸೈಕಲ್ ಹೊಡೆಯುವವರು ಯಾರೇ ಬರಲಿ, ಇದೇ ಸುತ್ತಿಗೆ ಕರೆದೊಯ್ಯುತ್ತೇನೆ. ಬ್ಲುವಾ ಊರಿಂದ ಹೊರಟು ನದಿ ಪಕ್ಕದಲ್ಲೇ ಸ್ಯಾಂ-ದಿಯೆ. ಅಲ್ಲಿಂದ ಕಾಡಿನೊಳಗೆ ಶಾಂಬೋರ್ ಅರಮನೆ. ಮಧ್ಯಾಹ್ನಕ್ಕೆ ಬ್ರಾಸ್ಯೂ ಊರು, ಆಮೇಲೆ ಶವೆರ್ನಿ ಅರಮನೆ, ರುಸ್ಸಿ ಕಾಡು ದಾಟಿ ಮತ್ತೆ ಬ್ಲುವಾ. ಒಟ್ಟು 55 ಕಿ.ಮೀ. ಆಸುಪಾಸು. ಕೊನೆಗೆ ರೈಲ್ವೆ ನಿಲ್ದಾಣಕ್ಕೆ ಹತ್ತುವುದು ಬಿಟ್ಟರೆ ಏರು ಅನ್ನುವಂಥದ್ದು ಇಲ್ಲವೇ ಇಲ್ಲ. ನಂದಿ ಬೆಟ್ಟ ಹತ್ತಿ ಅಭ್ಯಾಸ ಇರುವವರು ನಗಬಹುದು. ನಗಲಿ ಬಿಡಿ, ಗಾಳಿ ಇನ್ನೂ ಸಿಕ್ಕಿಲ್ಲ ಅವರಿಗೆ.

ಗಾಳಿ ನೋಡಿ ದಿಕ್ಕು

ಲ್ವಾರ್ ನದಿ ಪಶ್ಚಿಮಕ್ಕೆ, ಅಟ್ಲಾಂಟಿಕ್ ಕಡೆಗೆ ಹರಿಯುತ್ತದೆ. ಗಾಳಿ ಸಾಮಾನ್ಯವಾಗಿ ಆ ಸಮುದ್ರದ ಕಡೆಯಿಂದಲೇ, ಅಂದರೆ ಪಶ್ಚಿಮ ಅಥವಾ ನೈಋತ್ಯದಿಂದ ಬೀಸುತ್ತದೆ. ನದಿಯ ಉದ್ದಕ್ಕೂ ಪ್ರವಾಹ ತಡೆಯಲು ಹಿಂದಿನಿಂದಲೂ ಕಟ್ಟಿಕೊಂಡು ಬಂದ ಮಣ್ಣಿನ ಏರಿ ಇದೆ. ಸೈಕಲ್ ದಾರಿ ಬಹಳಷ್ಟು ಕಡೆ ಆ ಏರಿಯ ಮೇಲೆಯೇ ಸಾಗುತ್ತದೆ. ನೋಡಲು ಸೊಗಸು, ಎರಡೂ ಕಡೆ ಬಯಲು. ಆದರೆ ಎದುರು ಗಾಳಿ ಬಂದರೆ ಮರೆಯಾಗಲು ಒಂದು ಮರವೂ ಇಲ್ಲ.

ಅದಕ್ಕೇ ಬ್ಲುವಾದಿಂದ ಬೆಳಿಗ್ಗೆ ನದಿ ದಾರಿಯಲ್ಲಿ ಹೊರಡಿ. ಸ್ಯಾಂ-ದಿಯೆ ಈಶಾನ್ಯಕ್ಕಿದೆ, ಗಾಳಿ ಬೆನ್ನಿಗೆ ಬೀಳುತ್ತದೆ. ವಾಪಸ್ ಬರುವಾಗ ಗಾಳಿ ಎದುರಾಗುತ್ತದೆ ನಿಜ. ಆಗ ನೀವು ಕಾಡು, ದ್ರಾಕ್ಷಿ ತೋಟ, ಹಳ್ಳಿಗಳ ನಡುವೆ ಇರುತ್ತೀರಿ. ಮರಗಳು ಗಾಳಿಯನ್ನು ಅರ್ಧಕ್ಕರ್ಧ ಮುರಿಯುತ್ತವೆ. ಸುಸ್ತಾದ ಕಾಲಿಗೆ ಇದರ ಬೆಲೆ ಗೊತ್ತು. ಮೂಡಣ ಗಾಳಿಯ ದಿನ ಬಂದರೆ ಸುತ್ತನ್ನು ತಿರುಗಿಸಿಬಿಡಿ. ಹಿಂದಿನ ರಾತ್ರಿ ಹವಾಮಾನ ನೋಡುವಾಗ ಮಳೆಗಿಂತ ಮೊದಲು ಗಾಳಿಯ ಬಾಣ ಯಾವ ಕಡೆ ಇದೆ ನೋಡಿ.

ತಿಂಗಳ ಲೆಕ್ಕದಲ್ಲಿ ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯವು. ಜೂನ್‌ನಲ್ಲಿ ರಾತ್ರಿ 10ರ ಹತ್ತಿರದವರೆಗೂ ಬೆಳಕು, ಅವಸರ ಬೇಕಿಲ್ಲ. ಜುಲೈ, ಆಗಸ್ಟ್ ಬಿಸಿಲೂ ಜಾಸ್ತಿ, ಜನವೂ ಜಾಸ್ತಿ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನ ತನಕ ಶಾಂಬೋರ್ ಕಾಡಿನಲ್ಲಿ ಗಂಡು ಜಿಂಕೆಗಳು ಕೂಗುವ ಕಾಲ. ಅದಾದ ಮೇಲೆ ಬೇಟೆಯ ದಿನಗಳು. ದಾರಿ ಬದಿಯಲ್ಲಿ ಬೇಟೆ ನಡೆಯುತ್ತಿದೆ ಎಂಬ ಬೋರ್ಡ್ ಕಂಡರೆ ಆ ಕಾಡುದಾರಿ ಬಿಟ್ಟು ಡಾಂಬರು ರಸ್ತೆಗೆ ಬನ್ನಿ. ಕಣ್ಣಿಗೆ ಹೊಡೆಯುವ ಬಣ್ಣದ ಜಾಕೆಟ್ ಹಾಕಿಕೊಳ್ಳಿ.

ಸೈಕಲ್, ರೈಲು, ಬ್ರೇಕು

ಊರಿಂದ ಸೈಕಲ್ ಬಿಚ್ಚಿ, ಪೆಟ್ಟಿಗೆಗೆ ತುಂಬಿ ವಿಮಾನದಲ್ಲಿ ತರುವ ಗೋಜು ಒಂದು ದಿನದ ಸುತ್ತಿಗೆ ಬೇಡ. ಬ್ಲುವಾದಲ್ಲೇ ಬಾಡಿಗೆಗೆ ಸಿಗುತ್ತದೆ. ಮೊದಲೇ ಕಾಯ್ದಿರಿಸಿ, ನಿಮ್ಮ ಎತ್ತರವನ್ನು ಸೆಂಟಿಮೀಟರ್‌ನಲ್ಲಿ ತಿಳಿಸಿ. ಪೆಡಲ್ ಯಾವ ಥರದ್ದು ಬೇಕು ಅಂತಲೂ ಹೇಳಿ. ರೋಡ್ ಬೈಕ್ ಆದರೆ 28ರಿಂದ 32 ಮಿ.ಮೀ. ಟೈರ್ ಕೇಳಿ. ದಾರಿ ಹೆಚ್ಚಿನಂಶ ನಯವಾದ ಡಾಂಬರು. ಆದರೆ ಕಾಡಿನಲ್ಲೂ ನದಿ ಏರಿಯ ಮೇಲೂ ಅಲ್ಲಲ್ಲಿ ಗಟ್ಟಿ ಮಣ್ಣು, ಸಣ್ಣ ಜಲ್ಲಿ ಸಿಗುತ್ತದೆ. ತೆಳ್ಳಗಿನ 23ರ ಟೈರ್ ಅಲ್ಲಿ ಬರೀ ಹಲ್ಲು ಕಡಿಸುತ್ತದೆ. ಹೆಲ್ಮೆಟ್ ಮಾತ್ರ ನಿಮ್ಮದೇ ತನ್ನಿ. ಇಲ್ಲಿ 12 ವರ್ಷದೊಳಗಿನ ಮಕ್ಕಳಿಗಷ್ಟೇ ಕಾನೂನಿನ ಕಡ್ಡಾಯ. ತಲೆಗೆ ಆ ಕಾನೂನು ಗೊತ್ತಿಲ್ಲ, ಅಲ್ವಾ?

ಇನ್ನು ಬ್ರೇಕು. ನಮ್ಮ ಊರ ಸೈಕಲ್‌ಗಳಲ್ಲಿ ಮುಂದಿನ ಚಕ್ರದ ಬ್ರೇಕು ಬಲಗೈಗೆ. ಫ್ರಾನ್ಸ್‌ನಲ್ಲಿ ಅದು ಎಡಗೈಗೆ. ಅಂಗಡಿ ಮುಂದೆಯೇ ನಿಂತು ಒಂದು ಲಿವರ್ ಹಿಡಿದು ಸೈಕಲನ್ನು ಮುಂದಕ್ಕೆ ತಳ್ಳಿ. ಹಿಂದಿನ ಚಕ್ರ ಮೇಲೆದ್ದರೆ ಹಿಡಿದದ್ದು ಮುಂದಿನ ಬ್ರೇಕು. ನಾಲ್ಕೈದು ಸಲ ಮಾಡಿ, ಕೈಗೆ ನೆನಪಾಗಲಿ. ನದಿ ಏರಿಯಿಂದ ಕೆಳಗಿಳಿಯುವ ಸಣ್ಣ ಇಳಿಜಾರಿನಲ್ಲಿ ನಾಯಿ ಅಡ್ಡ ಬಂದಾಗ ಬಲಗೈ ಎಡಗೈ ಅಂತ ಯೋಚಿಸಲು ಹೊತ್ತಿರುವುದಿಲ್ಲ.

ಪ್ಯಾರಿಸ್‌ನ ಓಸ್ಟರ್‌ಲಿಟ್ಜ್ ನಿಲ್ದಾಣದಿಂದ ಬ್ಲುವಾಗೆ ನೇರ ರೈಲು ಇದೆ. ಒಂದೂವರೆ ಗಂಟೆ, ಕೆಲವು ರೈಲಿಗೆ ಸ್ವಲ್ಪ ಜಾಸ್ತಿ. ಹಿಂದಿನ ಸಂಜೆಯೇ ಬಂದು ಉಳಿದುಕೊಳ್ಳಿ. ಸ್ವಂತ ಸೈಕಲ್ ತರುವುದಾದರೆ, ಬೋಗಿಯಲ್ಲಿ ಅದಕ್ಕೆ ಜಾಗ ಕೆಲವೇ ಇರುತ್ತವೆ. ಬೇಸಿಗೆಯಲ್ಲಿ ಮೊದಲೇ ಕಾಯ್ದಿರಿಸಬೇಕಾ ಅಂತ ಟಿಕೆಟ್ ಕೊಳ್ಳುವಾಗಲೇ ನೋಡಿ. ಉಳಿಯಲು ‘ಅಕೇಯ್ ವೆಲೋ’ ಎಂಬ ಗುರುತಿರುವ ಜಾಗ ಹುಡುಕಿ. ಆ ಗುರುತು ಇದ್ದ ಕಡೆ ಸೈಕಲ್ ಇಡಲು ಬೀಗದ ಕೋಣೆ, ರಿಪೇರಿ ಸಾಮಾನು ಇರಬೇಕೆಂಬುದು ನಿಯಮ.

ಬಲಗಡೆ, ಬಲಗಡೆ, ಬಲಗಡೆ

ರಸ್ತೆಯ ಬಲಗಡೆ ಓಡಿಸಬೇಕೆಂಬುದು ಎಲ್ಲರಿಗೂ ಗೊತ್ತು. ಓಡುತ್ತಿರುವಾಗ ಯಾರೂ ತಪ್ಪುವುದಿಲ್ಲ. ಅಪಾಯ ಇರುವುದು ನಿಂತು ಹೊರಡುವಾಗ. ಬೇಕರಿ ಮುಂದೆ ನಿಲ್ಲಿಸಿ, ಬ್ರೆಡ್ಡು ಚೀಲಕ್ಕೆ ಹಾಕಿ, ಮಾತಾಡುತ್ತಾ ಖಾಲಿ ರಸ್ತೆಗೆ ಇಳಿದಾಗ ಕೈ ತನ್ನಷ್ಟಕ್ಕೆ ಎಡಕ್ಕೆ ಎಳೆಯುತ್ತದೆ. ಹ್ಯಾಂಡಲ್ ಮೇಲೆ ಬಲಕ್ಕೊಂದು ಬಾಣದ ಟೇಪು ಅಂಟಿಸಿ. ಸುಮ್ನೆ ಹೇಳುತ್ತಿಲ್ಲ, ಕೆಲಸ ಮಾಡುತ್ತದೆ.

ಇನ್ನೊಂದು ನಿಯಮ ನಮ್ಮವರನ್ನು ಗಲಿಬಿಲಿ ಮಾಡುತ್ತದೆ. ಬೋರ್ಡ್ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ನೀವು ಅಗಲ ರಸ್ತೆಯಲ್ಲಿದ್ದರೂ ಅಷ್ಟೇ, ಅವರು ಓಣಿಯಿಂದ ಬಂದರೂ ಅಷ್ಟೇ. ಹಳ್ಳಿಯೊಳಗೆ ಇಂಥವು ಬೇಕಾದಷ್ಟಿವೆ. ಊರಾಚೆ ಕಾರಿನವರು ಸೈಕಲ್ ದಾಟುವಾಗ ಒಂದೂವರೆ ಮೀಟರ್ ಅಂತರ ಬಿಡಬೇಕು. ಹೆಚ್ಚಿನವರು ಬಿಡುತ್ತಾರೆ, ಹಾರ್ನ್ ಇಲ್ಲದೆ ಹಿಂದೆಯೇ ಕಾಯುತ್ತಾರೆ. ಬೆಂಗಳೂರಿನಿಂದ ಬಂದವರಿಗೆ ಆ ಮೌನವೇ ಭಯ ಹುಟ್ಟಿಸುತ್ತದೆ, ಆಗಾಗ ತಿರುಗಿ ನೋಡಿ. ಕಿವಿಗೆ ಇಯರ್‌ಫೋನ್ ಹಾಕುವಂತಿಲ್ಲ, ದಂಡ 135 ಯೂರೋ. ಬೆಲ್ ಕಡ್ಡಾಯ. ಕತ್ತಲಾದ ಮೇಲೆ ಊರಾಚೆ ಹೊಳೆಯುವ ಜಾಕೆಟ್ಟೂ ಕಡ್ಡಾಯ.

ದಾರಿ ತಪ್ಪುವುದು ಕಷ್ಟ. ಬಿಳಿ ಹಲಗೆಯ ಮೇಲೆ ಹಸಿರು ಸೈಕಲ್ ಚಿತ್ರ ಇರುವ ಬೋರ್ಡ್‌ಗಳನ್ನು ಹಿಡಿದು ಹೋಗಿ. ನದಿ ಪಕ್ಕದ್ದು ‘ಲ್ವಾರ್ ಆ ವೆಲೋ’, ಸುಮಾರು 900 ಕಿ.ಮೀ. ಉದ್ದದ ದಾರಿಯ ಒಂದು ತುಂಡು. ಆದರೂ ಫೋನಿನಲ್ಲಿ ನಕ್ಷೆ ಇಳಿಸಿಟ್ಟುಕೊಳ್ಳಿ, ಕಾಡಿನೊಳಗೆ ನೆಟ್‌ವರ್ಕ್ ನಂಬಬೇಡಿ.

ಶಾಂಬೋರ್

ಬ್ಲುವಾದ ಹಳೇ ಕಲ್ಲು ಸೇತುವೆ ದಾಟಿ ಎಡಕ್ಕೆ ತಿರುಗಿದರೆ ನದಿ ನಿಮ್ಮ ಎಡಗಡೆಗೇ ಇರುತ್ತದೆ. ಅಗಲ, ಆಳ ಕಡಿಮೆ, ನಡುನಡುವೆ ಮರಳ ದಿಬ್ಬ. ಈಜುವ ಆಸೆ ಬೇಡ, ಮರಳು ಕಾಲಡಿಯಲ್ಲೇ ಜಾರುತ್ತದೆ, ಸೆಳೆತ ಮೇಲೆ ಕಾಣುವುದಿಲ್ಲ. ಸ್ಯಾಂ-ದಿಯೆಯಲ್ಲಿ ಹಳೇ ಬಂದರಿನ ಕಲ್ಲು ಕಟ್ಟೆ ಇದೆ. ಶಾಂಬೋರ್ ಅರಮನೆಯ ಕಲ್ಲು ದೋಣಿಯಲ್ಲಿ ಬಂದು ಇಳಿದದ್ದು ಇಲ್ಲಿ. ಇಲ್ಲಿಂದ ಗಾಡಿಗಳು ಕಲ್ಲು ಹೊತ್ತು ಹೋದ ಕಡೆಗೇ ನೀವೂ ಬಲಕ್ಕೆ ತಿರುಗಿ ನದಿ ಬಿಡುತ್ತೀರಿ.

ಐದು ಕಿಲೋಮೀಟರ್ ಒಳಗೆ ಒಂದು ಗೋಡೆ ಸಿಗುತ್ತದೆ. ಅದು 32 ಕಿ.ಮೀ. ಉದ್ದ, ಒಳಗೆ 5,440 ಹೆಕ್ಟೇರ್ ಕಾಡು. ಹೆಚ್ಚುಕಡಿಮೆ ಪ್ಯಾರಿಸ್ ನಗರದ ಅರ್ಧದಷ್ಟು. ಎಲ್ಲ ಕಡೆ ನುಗ್ಗುವಂತಿಲ್ಲ, ಗುರುತು ಮಾಡಿದ ದಾರಿಯಲ್ಲೇ ಇರಿ. ಓಕ್ ಮರಗಳ ನಡುವಿನ ನೇರ ದಾರಿ. ಬೆಳಿಗ್ಗೆ ಬೇಗ ಹೊರಟರೆ ಕಾಡುಹಂದಿ ದಾಟಬಹುದು, ವೇಗ ತಗ್ಗಿಸಿ. ಒಂದು ಹಂದಿ ದಾಟಿತು ಅಂದರೆ ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ, ಹಿಂದೆ ಮರಿಗಳಿರುತ್ತವೆ.

ಅರಮನೆ ಬಾಗಿಲು 9ಕ್ಕೆ ತೆರೆಯುತ್ತದೆ. ಆ ಹೊತ್ತಿಗೆ ತಲುಪಿದರೆ ಪ್ರವಾಸಿ ಬಸ್ಸುಗಳು ಇನ್ನೂ ದಾರಿಯಲ್ಲಿರುತ್ತವೆ. ಕಟ್ಟಡದ ಪ್ರಸಿದ್ಧ ಮುಖ ವಾಯುವ್ಯಕ್ಕಿದೆ, ಅದಕ್ಕೆ ಬೆಳಕು ಬೀಳುವುದು ಮಧ್ಯಾಹ್ನದ ಮೇಲೆ. ಫೋಟೋ ಬೇಕೆನ್ನುವವರು ಗೊಣಗುತ್ತಾರೆ. ಖಾಲಿ ಮೆಟ್ಟಿಲು ಬೇಕಾ, ಫೋಟೋ ಬೇಕಾ? ನನ್ನ ಓಟು ಮೆಟ್ಟಿಲಿಗೆ.

ಒಳಗೆ ಹೋಗುವ ಆ ಒಂದು ಅರಮನೆ ಇದೇ ಆಗಿರಲಿ. ರಾಜ ಮೊದಲನೇ ಫ್ರಾನ್ಸ್ವಾ 1519ರಲ್ಲಿ ಕಟ್ಟಲು ಶುರು ಮಾಡಿದ. 400ಕ್ಕೂ ಹೆಚ್ಚು ಕೋಣೆ, 282 ಬೆಂಕಿಗೂಡು. ಇಷ್ಟೆಲ್ಲಾ ಕಟ್ಟಿಸಿ ಆತ ಅಲ್ಲಿ ಉಳಿದದ್ದು ಎಲ್ಲಾ ಸೇರಿ ಮೂರು ತಿಂಗಳೂ ಇಲ್ಲ! ಬೇಟೆಗೆ ಬಂದು ಹೋಗುವ ಮನೆ, ಅಷ್ಟೇ. ಕೋಣೆಕೋಣೆ ನೋಡುತ್ತಾ ಕೂರಬೇಡಿ. ನೇರ ನಡುವಿನ ಸುರುಳಿ ಮೆಟ್ಟಿಲಿಗೆ ಹೋಗಿ. ಎರಡು ಮೆಟ್ಟಿಲು ಸಾಲುಗಳು ಒಂದೇ ಕಂಬವನ್ನು ಸುತ್ತುತ್ತಾ ಏರುತ್ತವೆ, ಎಲ್ಲೂ ಕೂಡುವುದಿಲ್ಲ. ಜೊತೆಗಿರುವವರನ್ನು ಒಂದಕ್ಕೆ ಕಳುಹಿಸಿ, ನೀವು ಇನ್ನೊಂದು ಹತ್ತಿ. ನಡುಗಂಬದ ಕಿಂಡಿಗಳಲ್ಲಿ ಅವರ ಮುಖ ಕಾಣುತ್ತದೆ, ಮಾಯವಾಗುತ್ತದೆ, ಮತ್ತೆ ಕಾಣುತ್ತದೆ. ಭಾವನವರು ಇದನ್ನು ಎರಡು ಸಲ ಮಾಡಿಸಿದರು. ಮೇಲೆ ತಾರಸಿಗೆ ಹೋದರೆ ಗೋಪುರ, ಹೊಗೆಗೂಡುಗಳ ಒಂದು ಊರೇ ಇದೆ. ಅಲ್ಲಿಂದ ನೀವು ಬಂದ ದಾರಿ, ಹೋಗಬೇಕಾದ ದಾರಿ ಎರಡೂ ಕಾಣುತ್ತವೆ.

ಒಂದು ಸಣ್ಣ ವಿಷಯ, ಯಾರೂ ಹೇಳುವುದಿಲ್ಲ: ಪೆಡಲ್‌ಗೆ ಸಿಕ್ಕಿಕೊಳ್ಳುವ ಕ್ಲೀಟ್ ಅಡಿಯಲ್ಲಿರುವ ರೋಡ್ ಬೈಕ್ ಶೂ ಹಾಕಿಕೊಂಡು ಸವೆದ ಕಲ್ಲಿನ ಮೆಟ್ಟಿಲು ಇಳಿಯುವುದು ಜಾರುಬಂಡೆ ಇಳಿದ ಹಾಗೆ. ಚೀಲದಲ್ಲಿ ತೆಳು ಚಪ್ಪಲಿ ಇಟ್ಟುಕೊಳ್ಳಿ. ಬೀಗವೂ ಒಳ್ಳೆಯದೇ ಇರಲಿ, ಎರಡು ಗಂಟೆ ಸೈಕಲ್ ಹೊರಗಿರುತ್ತದೆ.

ಊಟ, ನೀರು

ಶಾಂಬೋರ್‌ನಿಂದ ಬ್ರಾಸ್ಯೂಗೆ ದಕ್ಷಿಣಕ್ಕೆ ಎಂಟು ಕಿಲೋಮೀಟರ್, ಪೂರ್ತಿ ಕಾಡಿನ ನೆರಳು. ಸಣ್ಣ ಊರು. ನಡುವೆ 16ನೇ ಶತಮಾನದ ಮರದ ಕಂಬಗಳ ಸಂತೆಕಟ್ಟೆ. ಅದರ ನೆರಳಲ್ಲಿ ತಿನ್ನಬಹುದು, ಆದರೆ ತಿನ್ನುವ ಸಾಮಾನು 12:30ರೊಳಗೆ ಕೊಂಡಿರಬೇಕು. ಮಧ್ಯಾಹ್ನ ಅಂಗಡಿಗಳು ಬಾಗಿಲು ಹಾಕಿದರೆ ಮತ್ತೆ ತೆರೆಯುವುದು 3ರ ಸುಮಾರಿಗೆ. ಹೋಟೆಲಿನವರೂ 2ರ ಮೇಲೆ ಊಟ ಕೊಡುವುದು ಅಪರೂಪ. ಸೋಮವಾರ ಬಹಳ ಬೇಕರಿಗಳಿಗೆ ರಜೆ. ಭಾನುವಾರ ಮಧ್ಯಾಹ್ನದ ಮೇಲೆ ಇಡೀ ಊರೇ ಮಲಗುತ್ತದೆ. ಹಾಗಾಗಿ ಬ್ಲುವಾದಲ್ಲೇ ಒಂದು ಉದ್ದನೆ ಬ್ರೆಡ್ಡು ಕೊಂಡು ಚೀಲಕ್ಕೆ ಸಿಕ್ಕಿಸಿಕೊಳ್ಳುವುದು ಜಾಣತನ.

ಅಂಗಡಿಗೆ ಕಾಲಿಟ್ಟ ತಕ್ಷಣ ‘ಬೋಂಜೂರ್’ ಅನ್ನಿ, ಆಮೇಲೆ ಬೇಕಾದ್ದು ಕೇಳಿ. ಅದನ್ನು ಬಿಟ್ಟು ನೇರ ಬೆರಳು ತೋರಿಸಿದರೆ ಮುಖ ಬಿಗಿಯುತ್ತದೆ. ಸಸ್ಯಾಹಾರಿಗಳು ಕೀಶ್ ಎಂಬ ಬೇಕರಿ ತಿಂಡಿ ಕಂಡಾಗ ಎಚ್ಚರ. ಮೊಟ್ಟೆ, ಕೆನೆಯಷ್ಟೇ ಅಂದುಕೊಂಡರೆ ಒಳಗೆ ಹಂದಿಮಾಂಸದ ಸಣ್ಣ ಚೂರುಗಳು ಇರುತ್ತವೆ. ‘ಸಾಂ ವಿಯಾಂದ್, ಸಾಂ ಪ್ವಾಸೋಂ’ ಅಂದರೆ ಮಾಂಸ ಬೇಡ, ಮೀನು ಬೇಡ. ಚೀಸ್‌ಗೆ ಸಾಮಾನ್ಯವಾಗಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಕಟ್ಟುನಿಟ್ಟಿನವರು ಕೇಳಿ ಕೊಳ್ಳಿ. ತಿನ್ನುವವರಿಗೆ ಈ ಸೀಮೆಯದ್ದೇ ಆದ ಸೆಲ್-ಸುರ್-ಶೇರ್ ಇದೆ. ಮೇಕೆ ಹಾಲಿನ ಚೀಸ್, ಹೊರಗೆ ಬೂದಿ ಬಳಿದು ನೀಲಿಗಪ್ಪು ಬಣ್ಣ, ಕತ್ತರಿಸಿದರೆ ಒಳಗೆ ಅಚ್ಚ ಬಿಳಿ. ಬೂದಿ ಸಮೇತ ತಿನ್ನಬೇಕು. ನಾನಂತೂ ಜೊತೆಗೆ ಒಂದು ಡಬ್ಬಿ ಚಟ್ನಿಪುಡಿ ಒಯ್ಯುತ್ತೇನೆ. ಫ್ರೆಂಚರು ನೋಡಿದರೆ ನೊಂದುಕೊಂಡಾರು, ನೋಡದಿದ್ದರಾಯಿತು.

ನೀರಿಗೆ ಸ್ಮಶಾನ! ಹಳ್ಳಿಯ ಸ್ಮಶಾನಗಳಲ್ಲಿ ಹೂಗಿಡಗಳಿಗೆಂದು ನಲ್ಲಿ ಇರುತ್ತದೆ. ಸೈಕಲ್ಲಿನವರೆಲ್ಲ ಅಲ್ಲೇ ಬಾಟಲಿ ತುಂಬುತ್ತಾರೆ. ‘ನೋಂ ಪೊತಾಬ್ಲ್’ ಅಂತ ಬರೆದಿದ್ದರೆ ಮಾತ್ರ ಮುಟ್ಟಬೇಡಿ, ಅದು ಕುಡಿಯುವ ನೀರಲ್ಲ.

ಶವೆರ್ನಿ, ವಾಪಸ್

ಬ್ರಾಸ್ಯೂದಿಂದ ಶವೆರ್ನಿಗೆ ಹತ್ತು ಕಿಲೋಮೀಟರ್. ಕಾಡು ತೆಳುವಾಗಿ ದ್ರಾಕ್ಷಿ ತೋಟಗಳು ಶುರುವಾಗುತ್ತವೆ. ವೈನ್ ರುಚಿ ನೋಡಲು ಕರೆಯುವ ಬೋರ್ಡ್‌ಗಳೂ ಶುರುವಾಗುತ್ತವೆ. ಕುಡಿದು ಓಡಿಸಬಾರದೆಂಬ ಕಾನೂನು ಇಲ್ಲಿ ಸೈಕಲ್ಲಿಗೂ ಇದೆ, ಬಾಟಲಿ ಬೇಕಾದರೆ ಕೊಂಡೊಯ್ಯಿರಿ. ಶವೆರ್ನಿ 17ನೇ ಶತಮಾನದ ಅರಮನೆ, ವಯಸ್ಸಾದಷ್ಟೂ ಬೆಳ್ಳಗಾಗುತ್ತದೆ ಎನ್ನುವ ಬುರ್ರೆ ಕಲ್ಲಿನದ್ದು. ಅದನ್ನು ಕಟ್ಟಿಸಿದ ಮನೆತನದವರೇ ಈಗಲೂ ಅಲ್ಲಿದ್ದಾರೆ. ಬೇಟೆನಾಯಿಗಳ ದೊಡ್ಡ ಹಿಂಡೂ ಇದೆ. ಟಿಕೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ, ಗೇಟಿನಿಂದ ನೋಡಿದರೂ ನನ್ನ ಲೆಕ್ಕಕ್ಕೆ ಸಾಕು. ಎದುರು ಕೂತು ಒಂದು ಕಾಫಿ ಕುಡಿಯಿರಿ.

ಅಲ್ಲಿಂದ ಸೆಲೆತ್ ಹಳ್ಳಿ, ಆಮೇಲೆ ರುಸ್ಸಿ ಕಾಡು, ಆಮೇಲೆ ಬ್ಲುವಾ ಸೇತುವೆ. ರೈಲ್ವೆ ನಿಲ್ದಾಣ ನದಿಯಿಂದ ಮೇಲಕ್ಕಿದೆ, ಇಡೀ ದಿನದ ಒಂದೇ ಏರು ಅದು. ರೈಲಿಗೆ ಹತ್ತು ನಿಮಿಷ ಜಾಸ್ತಿ ಇಟ್ಟುಕೊಳ್ಳಿ. ಬಾಡಿಗೆ ಸೈಕಲ್ ಎಷ್ಟು ಹೊತ್ತಿಗೆ ವಾಪಸ್ ಕೊಡಬೇಕು ಅಂತ ಬೆಳಿಗ್ಗೆಯೇ ಕೇಳಿರಿ. ಕಾಡಿನ ಹುಲ್ಲಿನಲ್ಲಿ ಕೂತಿದ್ದರೆ ರಾತ್ರಿ ಸ್ನಾನ ಮಾಡುವಾಗ ಮಂಡಿ ಹಿಂದೆ, ಸೊಂಟದ ಸುತ್ತ ಉಣ್ಣಿ ಕಚ್ಚಿದೆಯಾ ನೋಡಿಕೊಳ್ಳಿ. ಇಲ್ಲಿನ ಉಣ್ಣಿಯಿಂದ ಲೈಮ್ ರೋಗ ಬರುತ್ತದೆ. ಹಸಿರು ಶಿಲುಬೆಯ ದೀಪ ಇರುವ ಔಷಧಿ ಅಂಗಡಿಯಲ್ಲಿ ಅದನ್ನು ಕೀಳುವ ಸಣ್ಣ ಕೊಕ್ಕೆ ಸಿಗುತ್ತದೆ.

ಇನ್ನೊಂದು ದಿನ ಕೈಯಲ್ಲಿದ್ದರೆ ಶೋಮೋಂ ಅರಮನೆಗೆ ಹೋಗಿ, ಅದು ನೈಋತ್ಯಕ್ಕೆ ಸುಮಾರು 20 ಕಿ.ಮೀ. ಮಾಮೂಲಿ ಗಾಳಿ ಇದ್ದರೆ ಅದು ಪೂರ್ತಿ ಎದುರು. ಸೈಕಲನ್ನು ತೂರ್ ಕಡೆಗೆ ಹೋಗುವ ಪ್ಯಾಸೆಂಜರ್ ರೈಲಿಗೆ ಹಾಕಿ ಓಂಜ್ಯಾಂ ನಿಲ್ದಾಣದಲ್ಲಿ ಇಳಿಯಿರಿ. ಸೇತುವೆ ದಾಟಿದರೆ ಎದುರು ಗುಡ್ಡದ ಮೇಲೆ ಅರಮನೆ. ಬರುವಾಗ ನದಿ ದಾರಿ ಹಿಡಿದು ಸೈಕಲ್ಲಿನಲ್ಲೇ ಬನ್ನಿ, ಗಾಳಿ ಬ್ಲುವಾ ತನಕ ತಳ್ಳಿಕೊಂಡು ಬರುತ್ತದೆ.