ಮಲೆನಾಡಿನ ಲ್ಯಾಬಿನಲ್ಲಿ ರಾಸಾಯನಿಕ ಕ್ರಿಯೆಯ ವೇಗ ಅಳೆಯುವುದು: ನನ್ನ ಅನುಭವ

ತೀರ್ಥಹಳ್ಳಿ ಕಡೆಯ ಕಾಲೇಜು ಲ್ಯಾಬಿನ ತಾಪ ಏಪ್ರಿಲ್‌ನಲ್ಲಿ 32 ಡಿಗ್ರಿ ಮುಟ್ಟುತ್ತದೆ, ಜುಲೈ ಮಳೆ ಹಿಡಿದರೆ 22ರ ಆಸುಪಾಸಿಗೆ ಇಳಿಯುತ್ತದೆ. ದ್ವಿತೀಯ ಪಿಯುಸಿಯ ಹೈಪೋ ಪ್ರಯೋಗದಲ್ಲಿ, ಹೈಪೋ ಎಂಬ ಲವಣದ ದ್ರಾವಣಕ್ಕೆ ಆಮ್ಲ ಬೆರೆತಾಗ ಹುಟ್ಟುವ ಗಂಧಕ ಫ್ಲಾಸ್ಕಿನಡಿಯ ಗುರುತನ್ನು ಮರೆಮಾಡಲು ಎಷ್ಟು ಸಮಯ ಹಿಡಿಯಿತು ಎಂದು ಅಳೆಯುತ್ತೇವೆ. ಆ ಸಮಯ ಹೆಚ್ಚುಕಡಿಮೆ ದುಪ್ಪಟ್ಟಾಗಲು ಈ ಹತ್ತು ಡಿಗ್ರಿ ಸಾಕು. ಹೋದ ವರ್ಷದ ರೆಕಾರ್ಡ್ ಪುಸ್ತಕ ನೋಡಿ ಅಂಕಿ ತುಂಬುವವರು ಸಿಕ್ಕಿಬೀಳುವುದೂ ಇಲ್ಲೇ. ಹಾಗಾಗಿ ಸಾರತೆಯ (ದ್ರಾವಣದ ಗಾಢತೆಯ) ಪ್ರಯೋಗವಿದ್ದರೂ ನಾನು ಮೊದಲು ಬರೆಸುವುದು ತಾಪವನ್ನು. ಗೋಡೆಯ ಮೇಲಿನ ಥರ್ಮಾಮೀಟರ್ ತೋರಿಸುವುದನ್ನಲ್ಲ, ಫ್ಲಾಸ್ಕಿನೊಳಗಿನ ದ್ರಾವಣದ್ದನ್ನು.

ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ಹರಳು, ಲೀಟರಿಗೆ 40 ಗ್ರಾಂ. ಇದು ಸುಮಾರು 0.16 ಮೋಲಾರ್, ಅಂದರೆ ಲೀಟರಿಗೆ 0.16 ಮೋಲ್. ಮಳೆಗಾಲದಲ್ಲಿ ಡಬ್ಬಿಯ ಹರಳು ತೇವ ಹೀರಿ ಮುದ್ದೆ ಕಟ್ಟಿರುತ್ತದೆ. ಆ ಮುದ್ದೆಯನ್ನು ತೂಗಿದರೆ ನೀರನ್ನೂ ತೂಗಿದಂತಾಗುತ್ತದೆ, ಆದ್ದರಿಂದ ಹೊಸ ಡಬ್ಬಿ ಒಡೆಯುವುದೇ ಒಳ್ಳೆಯದು. ಬಟ್ಟಿ ನೀರನ್ನು ಕುದಿಸಿ ಆರಿಸಿ ಬಳಸಬೇಕು. ಕರಗಿದ ಇಂಗಾಲದ ಡೈಆಕ್ಸೈಡ್ ಮತ್ತು ಸೂಕ್ಷ್ಮಜೀವಿಗಳಿಂದ ಹೈಪೋ ತಾನಾಗಿಯೇ ಒಡೆದು ಗಂಧಕ ಬಿಡುತ್ತದೆ. ಬಾಟಲಿ ತುಸು ಮಸುಕಾಗಿದ್ದರೂ ಆ ದ್ರಾವಣ ಚೆಲ್ಲಿಬಿಡಿ. ಆಮ್ಲಕ್ಕೆ ಸುಮಾರು 170 ಮಿಲಿ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ನೀರಿಗೆ ಹಾಕುತ್ತಾ ಒಂದು ಲೀಟರಿಗೆ ತಂದರೆ 2 ಮೋಲಾರ್ ಆಗುತ್ತದೆ. ಆಮ್ಲಕ್ಕೆ ನೀರು ಹಾಕಬಾರದು.

100 ಮಿಲಿಯ ಕೋನಿಕಲ್ ಫ್ಲಾಸ್ಕನ್ನು ಪೆನ್ಸಿಲಿನಲ್ಲಿ ಗುಣಿಸು ಗುರುತು ಹಾಕಿದ ಬಿಳಿ ಹಾಳೆಯ ಮೇಲಿಡಿ. ಹೈಪೋ 50, 40, 30, 20, 10 ಮಿಲಿ; ಪ್ರತಿ ಸಲವೂ ನೀರು ಸೇರಿಸಿ 50 ಮಿಲಿ ಮಾಡಿ. ಆಮೇಲೆ 10 ಮಿಲಿ ಆಮ್ಲ ಸುರಿದು, ಅದೇ ಕ್ಷಣ ಸ್ಟಾಪ್‌ವಾಚ್ ಒತ್ತಿ, ಒಮ್ಮೆ ಅಲುಗಿಸಿ, ಮೇಲಿನಿಂದ ನೋಡಿ. ಗುರುತು ಮರೆಯಾದ ಕೂಡಲೇ ನಿಲ್ಲಿಸಿ. ಆಮ್ಲ 5 ಮಿಲಿ ಹಾಕಿದರೂ ಗುರುತು ಮರೆಯಾಗುತ್ತದೆ. ಆದರೆ 50 ಮಿಲಿ ಹೈಪೋದಲ್ಲಿ 8 ಮಿಲಿಮೋಲ್ ಇದ್ದು ಅದಕ್ಕೆ 16 ಮಿಲಿಮೋಲ್ ಆಮ್ಲ ಬೇಕು. 10 ಮಿಲಿಯಲ್ಲಿ 20 ಇರುತ್ತದೆ. ಆಮ್ಲ ಹೆಚ್ಚಿಗೆ ಉಳಿದಿದ್ದರೆ ವೇಗದ ವ್ಯತ್ಯಾಸವನ್ನು ನಿಶ್ಚಿಂತೆಯಿಂದ ಹೈಪೋದ ಲೆಕ್ಕಕ್ಕೆ ಬರೆಯಬಹುದು.

ಅತಿ ಹೆಚ್ಚು ತಪ್ಪುವುದು ನೀರು ಸೇರಿಸುವ ಹಂತದಲ್ಲಿ. ಗುರುತು ಮರೆಯಾಗುವುದು ನಮ್ಮ ಕಣ್ಣಿನ ದಾರಿಯಲ್ಲಿ ಇಂತಿಷ್ಟು ಗಂಧಕದ ಕಣ ತುಂಬಿದಾಗ. ದ್ರವದ ಆಳ ಬದಲಾದರೆ ಆ ‘ಇಂತಿಷ್ಟು’ ಕೂಡ ಬದಲಾಗುತ್ತದೆ. ನೀರು ಸೇರಿಸದೆ ಬರೀ 10 ಮಿಲಿ ಹೈಪೋಗೆ ಆಮ್ಲ ಸುರಿದವರ ಅಂಕಿ ಹಾಳಾಗುವುದು ಇದರಿಂದ. ಒಂದು ಓದಿಗೆ ಬೀಕರ್, ಇನ್ನೊಂದಕ್ಕೆ ಫ್ಲಾಸ್ಕ್ ಬಳಸಿದರೂ ಇದೇ ಗತಿ. ಬೆಳಕಿನ ಮಾತೂ ಇದೆ: ಮೋಡ ಕವಿದ ಮಧ್ಯಾಹ್ನ ನಡುವೆ ಕರೆಂಟ್ ಹೋದರೆ ಗುರುತು ಬೇಗ ಮರೆಯಾದಂತೆ ಕಾಣುತ್ತದೆ. ಆಗ ಆ ಸಾಲನ್ನು ಮೊದಲಿನಿಂದಲೇ ಮಾಡಬೇಕು. ಗಾಜಿಗೆ ಅಂಟಿದ ಗಂಧಕವನ್ನು ಪ್ರತಿ ಓದಿನ ನಂತರ ಬ್ರಷ್ ಹಾಕಿ ತಿಕ್ಕಿ ತೊಳೆಯಬೇಕು.

ಪ್ರತಿ ಓದಿನಲ್ಲೂ ಅಷ್ಟೇ ಗಂಧಕ ಹುಟ್ಟುವವರೆಗೆ ಕಾಯುವುದರಿಂದ ವೇಗಕ್ಕೆ ಬದಲಾಗಿ 1/t ಹಿಡಿಯಬಹುದು (t ಎಂದರೆ ಗುರುತು ಮರೆಯಾಗಲು ಹಿಡಿದ ಸಮಯ). 50 ಮಿಲಿಗೆ 30 ಸೆಕೆಂಡ್ ಬಂದಿದ್ದರೆ 10 ಮಿಲಿಗೆ 150ರ ಹತ್ತಿರ ಬರಬೇಕು. ಹೈಪೋದ ಪ್ರಮಾಣಕ್ಕೆ ಎದುರಾಗಿ ಎಳೆದ 1/t ನಕ್ಷೆ ನೇರಗೆರೆ. ಇದೇ ಪರೀಕ್ಷೆಯನ್ನು ಹೈಪೋ ಅಷ್ಟೇ ಇಟ್ಟು ಆಮ್ಲ ಬದಲಿಸಿ ಮಾಡಿದರೆ ಸಮಯ ಅಷ್ಟಾಗಿ ಕದಲುವುದಿಲ್ಲ. ‘ಸಾರತೆ ಹೆಚ್ಚಿದರೆ ವೇಗ ಹೆಚ್ಚುತ್ತದೆ’ ಎಂಬ ವಾಕ್ಯ ಎಲ್ಲ ಪದಾರ್ಥಕ್ಕೂ ಒಂದೇ ತೂಕದಲ್ಲಿ ಸಲ್ಲುವುದಿಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ. ದಯವಿಟ್ಟು ಇದನ್ನು ಬಿಡಬೇಡಿ.

ತಾಪದ ಪ್ರಯೋಗಕ್ಕೆ 50 ಮಿಲಿ ಹೈಪೋ ಬೇಡ. 22 ಡಿಗ್ರಿಯಲ್ಲಿ 30 ಸೆಕೆಂಡ್ ಇದ್ದದ್ದು 52ಕ್ಕೆ ನಾಲ್ಕು ಸೆಕೆಂಡಿಗೆ ಇಳಿಯುತ್ತದೆ. ಬೆರಳು ಅರ್ಧ ಸೆಕೆಂಡ್ ತಡವಾದರೂ ಓದು ಕೆಟ್ಟಿತು. 10 ಮಿಲಿ ಹೈಪೋ, 40 ಮಿಲಿ ನೀರು ತೆಗೆದುಕೊಂಡರೆ ಅದೇ ಅಂತರ 150ರಿಂದ 19 ಸೆಕೆಂಡ್‌ವರೆಗೆ ಹರಡುತ್ತದೆ. ಆಮ್ಲವನ್ನೂ ಪ್ರನಾಳದಲ್ಲಿ ಹಾಕಿ, ಹೈಪೋ ಫ್ಲಾಸ್ಕನ್ನು ಬಿಸಿಮಾಡುವ ಬಿಸಿನೀರಿನ ಪಾತ್ರೆಯಲ್ಲೇ ಇಡಿ. 50 ಡಿಗ್ರಿಯ ದ್ರಾವಣಕ್ಕೆ 22 ಡಿಗ್ರಿಯ 10 ಮಿಲಿ ಆಮ್ಲ ಬಿದ್ದರೆ ಮಿಶ್ರಣ ಒಮ್ಮೆಗೇ 45ಕ್ಕೆ ಜಾರುತ್ತದೆ. ಬೆರೆಸಿದ ಮೇಲೊಮ್ಮೆ, ಗುರುತು ಮರೆಯಾದಾಗೊಮ್ಮೆ ತಾಪ ನೋಡಿ ಸರಾಸರಿ ಬರೆಯುವುದು ನಮ್ಮಲ್ಲಿಯ ಪದ್ಧತಿ. 55 ದಾಟಬೇಡಿ, ಗಂಧಕದ ಡೈಆಕ್ಸೈಡ್ ತಡೆಯಲಾಗದಷ್ಟು ಏಳುತ್ತದೆ. ಇರಚಲು ಹೊಡೆಯುತ್ತದೆಂದು ಕಿಟಕಿ ಮುಚ್ಚುವುದು ಮಲೆನಾಡಿನ ರೂಢಿ, ಆದರೆ ಈ ದಿನ ತೆರೆದೇ ಇರಲಿ. ಉಬ್ಬಸ ಇರುವ ಮಕ್ಕಳನ್ನು ಬಾಗಿಲ ಬಳಿ ನಿಲ್ಲಿಸಿ, ಮುಗಿದ ದ್ರಾವಣವನ್ನು ಆಗಿಂದಾಗ್ಗೆ ವಾಷಿಂಗ್ ಸೋಡಾ ನೀರಿನ ಬಕೆಟ್ಟಿಗೆ ಸುರಿಸಿ.

ಕಾರಣ ಕೇಳಿದರೆ ‘ಬಿಸಿಯಾದಾಗ ಅಣುಗಳು ಹೆಚ್ಚು ಸಲ ಡಿಕ್ಕಿ ಹೊಡೆಯುತ್ತವೆ’ ಎಂದು ಎಲ್ಲರೂ ಬರೆಯುತ್ತಾರೆ. 22ರಿಂದ 32 ಡಿಗ್ರಿಗೆ ಹೋದಾಗ ಡಿಕ್ಕಿಗಳ ಸಂಖ್ಯೆ ಹೆಚ್ಚುವುದು ಶೇ 2ರಷ್ಟು ಮಾತ್ರ. ದುಪ್ಪಟ್ಟಾಗುವುದು ಸಕ್ರಿಯಗೊಳಿಸುವ ಶಕ್ತಿಯ, ಅಂದರೆ ಕ್ರಿಯೆ ನಡೆಯಲು ಬೇಕಾದ ಕನಿಷ್ಠ ಶಕ್ತಿಯ, ಗಡಿ ದಾಟಬಲ್ಲ ಅಣುಗಳ ಪಾಲು. ವೇಗ ಏರುವುದು ಅದರಿಂದ.

ಮೇಲ್ಮೈ ವಿಸ್ತೀರ್ಣಕ್ಕೆ ಅಮೃತಶಿಲೆಯ ಚೂರು ಮತ್ತು ಪುಡಿ, ತಲಾ 0.3 ಗ್ರಾಂ, 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 20 ಮಿಲಿ. ಕರಾವಳಿಯಿಂದ ಬರುವ ಕಪ್ಪೆಚಿಪ್ಪೂ ಆಗುತ್ತದೆ. ಎಲೆಗೆ ಹಚ್ಚುವ ಸುಣ್ಣ ಆಗದು, ಅದು ಕಾರ್ಬೊನೇಟ್ ಅಲ್ಲ. ಬೋರ್ಡಿನ ಸೀಮೆಸುಣ್ಣ ಎಷ್ಟೋ ಸಲ ಜಿಪ್ಸಮ್ ಆಗಿರುತ್ತದೆ, ಗುಳ್ಳೆಯೇ ಏಳುವುದಿಲ್ಲ. ಸಲ್ಫ್ಯೂರಿಕ್ ಆಮ್ಲ ಬಳಸಿದರೆ ಚೂರಿನ ಮೇಲೆ ಕ್ಯಾಲ್ಸಿಯಂ ಸಲ್ಫೇಟಿನ ಪದರ ಕಟ್ಟಿ ಕ್ರಿಯೆ ನಿಂತುಬಿಡುತ್ತದೆ. ಅನಿಲವನ್ನು 100 ಮಿಲಿ ಸಿರಿಂಜಿನಲ್ಲಿ ಹಿಡಿದು ಹತ್ತು ಸೆಕೆಂಡಿಗೊಮ್ಮೆ ಓದಿ. ಆಮ್ಲಕ್ಕೆ ಮೊದಲೇ ಚಿಟಿಕೆ ಅಮೃತಶಿಲೆ ಪುಡಿ ಹಾಕಿ ಗುಳ್ಳೆ ನಿಲ್ಲುವವರೆಗೆ ಬಿಡಿ. ಇಲ್ಲದಿದ್ದರೆ 20 ಮಿಲಿ ದ್ರವವೇ ಹತ್ತಾರು ಮಿಲಿ ಅನಿಲವನ್ನು ಕರಗಿಸಿಕೊಳ್ಳುತ್ತದೆ. ಲೆಕ್ಕದಲ್ಲಿ ಸಮುದ್ರಮಟ್ಟಕ್ಕೆ 73 ಮಿಲಿ ಬರುವುದು ಸುಮಾರು 600 ಮೀಟರ್ ಎತ್ತರದ ನಮ್ಮ ಕಡೆ 78ರ ಹತ್ತಿರ ಬರುತ್ತದೆ, ವಾಯುಭಾರ ಕಡಿಮೆ. ಚೂರಿನದೂ ಪುಡಿಯದೂ ನಕ್ಷೆ ಕೊನೆಗೆ ಒಂದೇ ಎತ್ತರಕ್ಕೆ ಬಂದು ನಿಲ್ಲಬೇಕು, ಏರುವ ವೇಗವಷ್ಟೇ ಬೇರೆ.

ವೇಗವರ್ಧಕಕ್ಕೆ ಔಷಧಿ ಅಂಗಡಿಯ 6 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ 10 ಮಿಲಿ, ಮ್ಯಾಂಗನೀಸ್ ಡೈಆಕ್ಸೈಡ್ 0.5 ಗ್ರಾಂ. ಹಳೆಯ ಬ್ಯಾಟರಿ ಸೆಲ್ ಒಡೆದು ತೆಗೆದ ಕಪ್ಪು ಪುಡಿ ಬೇಡ, ಅದರಲ್ಲಿ ಇಂಗಾಲವೂ ಬೇರೆ ಲವಣಗಳೂ ಸೇರಿರುತ್ತವೆ. ಹಸಿ ಆಲೂಗೆಡ್ಡೆಯ ಚೂರೂ ನೊರೆ ಎಬ್ಬಿಸುತ್ತದೆ, ಬೇಯಿಸಿದ್ದು ಎಬ್ಬಿಸದು, ಕಿಣ್ವ ಕೆಟ್ಟಿರುತ್ತದೆ. ವೇಗವರ್ಧಕ ಖರ್ಚಾಗುವುದಿಲ್ಲ ಎಂದು ತೋರಿಸಲು ಸೋಸಿ, ಒಣಗಿಸಿ, ತೂಗುವಾಗ ಮಳೆಗಾಲ ಕೈಕೊಡುತ್ತದೆ. ಗಾಳಿಯಲ್ಲಿ ಒಣಗಿಸಿದ ಸೋಸುಕಾಗದ ತೇವ ಹೀರಿ ತೂಕ ಏರುತ್ತದೆ, 0.5 ಗ್ರಾಂ ಇದ್ದ ಪುಡಿ ಹೆಚ್ಚಾಯಿತೆಂದು ಮಕ್ಕಳು ಬರೆದುಕೊಳ್ಳುತ್ತಾರೆ. ಕಾಗದವನ್ನು ಮೊದಲೇ 105 ಡಿಗ್ರಿ ಓವನ್ನಿನಲ್ಲಿ ಒಣಗಿಸಿ, ಡೆಸಿಕೇಟರಿನಲ್ಲಿ (ತೇವ ತಾಗದಂತೆ ಮುಚ್ಚಿದ ಪಾತ್ರೆಯಲ್ಲಿ) ಆರಿಸಿ ತೂಗಿಡಿ. ಸೋಸಿದ ಮೇಲೂ ಹಾಗೆಯೇ ಮಾಡಿ, ಸತತ ಎರಡು ತೂಕ ಒಂದೇ ಬರುವವರೆಗೆ.