ಆಕ್ಸಿಮೀಟರ್ ಹಾಕುವ ಮುಂಚೆ ಕೈ ಉಜ್ಜಿ
ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುವ ಮುಂಚೆ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ, ನೈಲ್ ಪಾಲಿಶ್ ಇದ್ದರೆ ಒರೆಸಿ, ಅಂಕಿ ನಿಲ್ಲುವವರೆಗೆ ಕೈ ಅಲ್ಲಾಡಿಸಬೇಡಿ. ಅದು ಬೆರಳಿನೊಳಗೆ ಬೆಳಕು ಹಾಯಿಸಿ ರಕ್ತದ ಬಣ್ಣ ಅಳೆದು, ರಕ್ತದ ಆಮ್ಲಜನಕದ ಮಟ್ಟವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ನಂದಿ ಬೆಟ್ಟದ ಬೆಳಗಿನ ಚಳಿಗೆ ಬೆರಳು ಮರಗಟ್ಟಿದ್ದರೆ ರಕ್ತ ಸರಿಯಾಗಿ ಹರಿಯಲ್ಲ, ಸುಮ್ನೆ 88 ತೋರಿಸಿ ಹೆದರಿಸಬಹುದು. ಬೆಚ್ಚಗಾದ ಮೇಲೂ ಅಷ್ಟೇ ಇದ್ದರೆ ಡಾಕ್ಟರ ಹತ್ತಿರ ಹೋಗಿ. ಸುಮಾರು 3,500 ಮೀಟರ್ ಎತ್ತರದ ಲೇಹ್‌ಗೆ ಹೊರಟವರಂತೂ ಮೈಗೆ ಹೇಗನ್ನಿಸುತ್ತದೆ ಅನ್ನುವುದರ ಜೊತೆಗೆ ಅಂಕಿಯನ್ನೂ ನೋಡಿ. ಸಣ್ಣ ವಿಮಾನದ ಪೈಲಟ್‌ಗಳು ಇದನ್ನು ಇಟ್ಟುಕೊಳ್ಳುವುದೂ ಇದಕ್ಕೇ ಅಲ್ವಾ: ಆಮ್ಲಜನಕ ಕಮ್ಮಿಯಾಗಿ ತಲೆ ಮಂಕಾದರೂ 'ಆರಾಮಾಗಿದ್ದೀನಿ' ಅನ್ನಿಸಿಬಿಡುತ್ತದೆ. ಇದು ಕೈಕೊಡುವುದು ಹೊಗೆಯ ವಿಷಯದಲ್ಲಿ. ಕೆಂಡ ಇಟ್ಟು ಬಾಗಿಲು ಮುಚ್ಚಿದ ಕೋಣೆಯಾಗಲಿ, ಎಂಜಿನ್ ಹೊಗೆ ನುಗ್ಗಿದ ಕಾಕ್‌ಪಿಟ್ ಆಗಲಿ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಸೇರಿದ ರಕ್ತವೂ ಕೆಂಪಗೇ ಇರುವುದರಿಂದ 98 ಅಂತಲೇ ತೋರಿಸಬಹುದು. ಕೋಣೆಯಲ್ಲಿ ತಲೆ ಸುತ್ತಿದರೆ ಅಂಕಿ ನೋಡ್ತಾ ಕೂರಬೇಡಿ, ಮೊದಲು ಹೊರಗೆ ಬಂದು ಆಸ್ಪತ್ರೆಗೆ ಹೋಗಿ.